ಚರ್ಚ್ ಸ್ಟಾಪು

ಭಾನುವಾರ ಏಳೂ ಹತ್ತರ ಭದ್ರಾವತಿ ಬಸ್ಸಿನಲ್ಲಿ
ಒಬ್ಬರಾದರೂ ಕೇಳುತ್ತಾರೆ,
ಚರ್ಚಿಗೆ ಎಲ್ಲಿ ಇಳೀಬೇಕಮ್ಮ?

ಯಾವ ಚರ್ಚು, ಅನ್ನುತ್ತೇನೆ.
ಅದು ಕಂಡಕ್ಟರಳ ಪ್ರಶ್ನೆ, ತತ್ವದ್ದಲ್ಲ.
ಫಾದರ್ ಇರೋದಾ, ಅಯ್ಯನೋರು ಇರೋದಾ, ಪಾಸ್ಟರ್ ಇರೋದಾ?
ಮಲಯಾಳದವರದಾ, ತಮಿಳಿನದಾ?
ಧೂಪ ಹಾಕೋದಾ, ಡ್ರಮ್ ಬಾರಿಸೋದಾ?
ಶನಿವಾರವೇ ಮುಗಿದುಹೋಗೋದೂ ಒಂದಿದೆ,
ಅದಾದರೆ ನೀವು ಒಂದು ದಿನ ತಡ.

ಕಬ್ಬಿಣದ ಕಾರ್ಖಾನೆ ಕೂಗಿದ ಕಾಲಕ್ಕೆ
ಬಟ್ಟೆಬರೆಯ ಜೊತೆ ದೇವರನ್ನೂ ಟ್ರಂಕಿನಲ್ಲಿಟ್ಟು ತಂದರು ಜನ,
ತಂತಮ್ಮ ಊರಿನ ಬೀಗ ಜಡಿದು.
ಕುಲುಮೆ ತಣ್ಣಗಾಯಿತು.
ಬೀಗಗಳಿಗೆ ಮಾತ್ರ ಇನ್ನೂ ಎಣ್ಣೆ ಬಿಡುತ್ತಾರೆ.

ಅಮ್ಮ ಎವ್ಲಾಲಿಯಾ, ಜಪಸರದವಳು.
ಅಪ್ಪ ಜೀವರತ್ನ, ಪೇಪರ್ ಮಿಲ್ಲಿನಲ್ಲಿ ಬಿದಿರಿನ ಲಾರಿ ತೂಗುವವನು,
ಬೈಬಲ್ಲಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆಯುವವನು.
ರಾತ್ರಿ ಊಟಕ್ಕೆ ಮುಂಚೆ ಇಬ್ಬರದೂ ಒಂದೇ ಪ್ರಾರ್ಥನೆ;
ಅವಳು ಸ್ವರ್ಗ ಅಂದಲ್ಲಿ ಅವನು ಪರಲೋಕ ಅನ್ನುವನು,
ಅಷ್ಟರಲ್ಲಿ ಸಾರು ಆರುತ್ತಿತ್ತು.
ಕೇಡಿನ ಮಾತು ಬಂದೊಡನೆ ಅವಳದು ಮುಗಿಯಿತು.
ಅವನದು ಮುಗಿಯುತ್ತಿರಲಿಲ್ಲ.
ಅವನ ಕಡೆಯವರಿಗೆ ಇನ್ನೂ ಒಂದು ಸಾಲಿದೆ,
ರಾಜ್ಯದ್ದು, ಮಹಿಮೆಯದ್ದು.
ಅಷ್ಟು ಹೊತ್ತು ಅಮ್ಮ ಕಣ್ಣು ತೆರೆದು
ಹಪ್ಪಳದ ಡಬ್ಬಿ ನೋಡುತ್ತ ಕಾಯುವಳು.
ಆಮೇಲೆ ಇಬ್ಬರೂ ಒಟ್ಟಿಗೆ ಆಮೆನ್.
ನಾನು ತುಟಿ ಅಲ್ಲಾಡಿಸುತ್ತಿದ್ದೆ,
ಇಬ್ಬರಿಗೂ ಕಾಣುವ ಹಾಗೆ.

ಮೂವತ್ತು ದಾಟಿದ ಮೇಲೆ ನಾನೂ ಹುಡುಕಿದೆ,
ಸರಿಯಾದ್ದು ಯಾವುದು ಅಂತ.
ನನ್ನ ವಾರದ ರಜೆ ಭಾನುವಾರ ಬೀಳುವುದೇ ಅಪರೂಪ.
ಒಂದು ಕಡೆ ಬೆಂಚಿನ ಕೆಳಗೆ ಮಂಡಿಯೂರುವ ಹಲಗೆ ಇತ್ತು.
ಇನ್ನೊಂದು ಕಡೆ ಇರಲಿಲ್ಲ;
ಮಂಡಿ ತಾನಾಗಿ ಕೆಳಗಿಳಿದು, ಹುಡುಕಿ,
ನಾಚಿಕೊಂಡು ವಾಪಸು ಬಂತು.
ತಗಡಿನ ಶೆಡ್ಡಿನಲ್ಲಿ ಪಾಸ್ಟರ್ ಎಲಿಷಾ ಕೇಳಿದರು,
ಹಣೆಗೆ ಮೂರು ಹನಿ ಬಿದ್ದದ್ದೂ ಒಂದು ಸ್ನಾನವಾ ಸಿಸ್ಟರ್?
ಭದ್ರೆಯಲ್ಲಿ ಪೂರ್ತಿ ಮುಳುಗಬೇಕು.
ಡ್ಯಾಮಿನಿಂದ ನೀರು ಬಿಟ್ಟಿದ್ದಾರಲ್ಲ, ಬೇಸಿಗೆಗೆ ನೋಡೋಣ, ಅಂದೆ.
ಬೇಸಿಗೆಗೆ ನನ್ನ ರೂಟೇ ಬದಲಾಯಿತು.

ಅಪ್ಪನನ್ನು ಅವನ ಚರ್ಚಿನ ಮಣ್ಣಿಗೇ ಕೊಟ್ಟೆವು.
ಅಮ್ಮನ ಜಾಗ ಗೋಡೆಯಾಚೆಗೂ ಅಲ್ಲ, ಎರಡು ಮೈಲಿ ಆಚೆ.
ಅಯ್ಯನೋರು ಪುಸ್ತಕ ಮಡಚಿ ಹೊರಟ ಮೇಲೆ,
ಗುಂಡಿ ಮುಚ್ಚಿದವರು ಬೀಡಿ ಹಚ್ಚಿದ ಮೇಲೆ
ಅಮ್ಮ ಒಬ್ಬಳೇ ಶುರು ಮಾಡಿದಳು.
ಕೇಡಿನ ಮಾತಿಗೆ ನಿಂತಳು.
ಕಣ್ಣು ತೆರೆದಳು.
ಹಸಿಮಣ್ಣು ನೋಡುತ್ತ, ಡಬ್ಬಿ ನೋಡಿದ ಹಾಗೆಯೇ,
ಅವನ ಸಾಲಿನಷ್ಟು ಹೊತ್ತು ಕಾದು
ಆಮೆನ್ ಅಂದಳು.

ನನಗೆ ಅದು ಬಾಯಿಪಾಠ.
ಹೇಳಬಹುದಿತ್ತು.

ಇವತ್ತು ನಿದಿಗೆಯಲ್ಲಿ ಹತ್ತಿದ ಅಜ್ಜಿಗೆ
ಶೂನ್ಯ ದರದ ಚೀಟಿ ಕೊಟ್ಟೆ.
ದುಡ್ಡಿಲ್ಲ ಅಂದ ಮೇಲೆ ಚೀಟಿ ಯಾಕೆ ತಾಯಿ?
ಐನೂರು ವರ್ಷದ ಜಗಳ ಅಜ್ಜಿ ಅದು, ಅನ್ನಲಿಲ್ಲ.
ಚೆಕಿಂಗ್ ಬರ್ತಾರೆ, ಇಟ್ಕೊಳ್ಳಿ, ಅಂದೆ.
ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿ ಕೇಳಿದರು,
ಚರ್ಚಿಗೆ ಎಲ್ಲಿ ಇಳೀಲಿ?

ಯಾವ ಚರ್ಚು?

ಮೊಮ್ಮಗಳ ಹೆಸರಿಡೋದಂತೆ, ಯಾವುದೋ ಯಾರಿಗ್ಗೊತ್ತು.
ನೀನು ಹೋಗ್ತೀಯಲ್ಲ, ಅಲ್ಲೇ ಇಳಿಸು.

ನಾನು ಡ್ಯೂಟಿಯಲ್ಲಿದ್ದೀನಿ ಅಜ್ಜಿ.

ಕಡದಕಟ್ಟೆ ಹೋಯಿತು, ಸ್ಟ್ಯಾಂಡೂ ಹೋಯಿತು.
ಹೊಳೆಯ ಮೇಲೆ ಬಸ್ಸು ನಡುಗುವಾಗ,
ಯಾರಿಗೂ ಏನೂ ಕೇಳಿಸದ ಆ ಅರ್ಧ ನಿಮಿಷದಲ್ಲಿ,
ಕಂಬಿ ಹಿಡಿದು ಅಪ್ಪನ ಸಾಲನ್ನು ಪೂರ್ತಿ ಹೇಳಿದೆ.
ಆಮೆನ್ ಅನ್ನಲಿಲ್ಲ.
ಅದನ್ನು ಅಮ್ಮ ಕಾದು ಅನ್ನಬೇಕು.

ಮುಂದಿನಿಂದ ಡ್ರೈವರ್ ಹನೀಫ್ ಕೂಗಿದರು,
ಇಳಿಯೋರು ಯಾರಾದ್ರೂ ಇದ್ದಾರಾ?
ಅಜ್ಜಿ ಆಗಲೇ ಎದ್ದು ನಿಂತಿದ್ದರು.